ಓನರ್ ಅಂಕಲ್‌ರ ಎಂಟು ಸೆಕೆಂಡು

ಮೊನ್ನೆ ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಲ್ಲಿ ಅರಿಶಿನ, ಕುಂಕುಮ ಕಟ್ಟಿಸಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಯಾರೋ ಧೂಪಕ್ಕೆಂದು ರಾಳ ಕೇಳಿದರು. ಅಂಗಡಿಯವರು ಡಬ್ಬದ ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ರಾಳದ ವಾಸನೆಯಿಂದ ದೇವರ ಮನೆ ನೆನಪಾಗುತ್ತದೇನೋ. ನನಗೆ ನೆನಪಾದದ್ದು ಅಮೆರಿಕದ ಗೂಳಿ ಸವಾರಿ. ಅದಕ್ಕೆ ಕಾರಣ ನಮ್ಮ ಓನರ್ ಅಂಕಲ್...

ತ್ಯಾಗರಾಜನಗರದಲ್ಲಿ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಅವರು ಸಿಟಿ ಬಸ್ಸುಗಳಲ್ಲಿ ಚೆಕಿಂಗ್ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ಜೀವಮಾನದಲ್ಲಿ ಒಂದು ಎಮ್ಮೆಯ ಹಗ್ಗವನ್ನೂ ಹಿಡಿದವರಲ್ಲ. ಅಂಥವರ ಮೊಬೈಲಿಗೆ ಅದೆಲ್ಲಿಂದಲೋ ರೋಡಿಯೋ ವಿಡಿಯೋ ಒಂದು ಬಂದು ಬಿತ್ತು. ಅಂದಿನಿಂದ ನನ್ನ ನೆಮ್ಮದಿ ಹಾಳಾಯಿತು. ಎಗರಾಡುವ ಕುದುರೆಯ ಮೇಲೆ, ಗೂಳಿಯ ಮೇಲೆ ಕೂತು ಬೀಳದೆ ಉಳಿಯುವ ಆಟ ಒಂದಿದೆ ಎಂದು ನನಗೆ ಗೊತ್ತಾದದ್ದೇ ಅವರಿಂದ. ನನಗದು ಗೊತ್ತಾಗಬೇಕಿತ್ತೇ ಎಂದು ಯಾರೂ ಕೇಳಲಿಲ್ಲ.

ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಆಫೀಸಿಗೆ ಹೊತ್ತಾಯಿತೆಂದು ನಾನು ಸ್ಕೂಟರ್ ಹೊರಗೆ ತೆಗೆಯುವಾಗಲೇ ಅವರು ಗೇಟಿಗೆ ಅಡ್ಡ ನಿಂತು ಪಾಠ ಶುರು ಮಾಡುತ್ತಿದ್ದರು. ಸ್ಪೇನಿನವರು ಮೆಕ್ಸಿಕೋಗೆ ದನ ತಂದದ್ದು, ಅಲ್ಲಿಯ ದನಗಾಹಿಗಳಿಂದ ಹಗ್ಗ ಬೀಸುವ ವಿದ್ಯೆ ಅಮೆರಿಕದವರಿಗೆ ಬಂದದ್ದು, ಕೆಲಸ ಮುಗಿದ ಮೇಲೆ ನೀ ಗಟ್ಟಿಯೋ ನಾ ಗಟ್ಟಿಯೋ ಎಂದು ಪಂದ್ಯ ಕಟ್ಟಿದ್ದು, ಆಮೇಲೆ ಅದೇ ಪಂದ್ಯ ಜನ ಟಿಕೆಟ್ ಕೊಂಡು ನೋಡುವ ಆಟವಾದದ್ದು... ಒಂದು ದಿನ ನೀರಿನ ನೀಲಿ ಡ್ರಮ್ಮುಗಳನ್ನು ಉರುಳಿಸಿಕೊಂಡು ಬಂದು ಅಂಗಳದಲ್ಲಿ ಮೂರು ಮೂಲೆಗೆ ಇಟ್ಟರು. ಅಲ್ಲಿಯ ಹೆಂಗಸರು ಹೀಗೆ ಪೀಪಾಯಿಗಳನ್ನು ಸುತ್ತಿ ಕುದುರೆ ಓಡಿಸುತ್ತಾರೆ ಎಂದು ನನಗೆ ತೋರಿಸಬೇಕಿತ್ತಂತೆ. ಸ್ಕೂಟರಿನಲ್ಲಿ ಒಂದು ಸುತ್ತು ಹಾಕಿ ತೋರಿಸು ಎಂದು ನನಗೇ ಹೇಳಿದರು. ಹಾಕಿದೆ. ಹಾಕದಿದ್ದರೆ ಗೇಟು ತೆರೆಯುತ್ತಿರಲಿಲ್ಲವಲ್ಲ!

ಆಟದಲ್ಲಿ ಅವರಿಗೆ ಬಲು ಪ್ರಿಯವಾದದ್ದು ಅದರ ಕಾಯಿದೆ. ಗೂಳಿಯ ಮೇಲೆ ಎಂಟು ಸೆಕೆಂಡು ಉಳಿಯಬೇಕು. ಒಂದು ಕೈಯಲ್ಲಿ ಮಾತ್ರ ಹಗ್ಗ ಹಿಡಿಯಬೇಕು. ಇನ್ನೊಂದು ಕೈ ಗಾಳಿಯಲ್ಲಿರಬೇಕು, ಅದು ಗೂಳಿಗಾಗಲಿ ತನ್ನ ಮೈಗಾಗಲಿ ತಾಗಿದರೆ ಲೆಕ್ಕಕ್ಕಿಲ್ಲ.

"ಗೂಳಿಗೂ ಅರ್ಧ ಮಾರ್ಕ್ಸು ಕಣಮ್ಮಾ! ಅದು ಚೆನ್ನಾಗಿ ಎಗರ್‌ಲಿಲ್ಲ ಅಂದ್ರೆ ಮೇಲೆ ಕೂತೋನಿಗೂ ಲಾಸೇ. ನ್ಯಾಯ ಅಂದ್ರೆ ಇದು."

ಸವಾರರು ಹಿಡಿತಕ್ಕೆಂದು ಕೈಗವಸಿಗೆ ರಾಳ ತಿಕ್ಕಿಕೊಳ್ಳುತ್ತಾರೆಂದು ತಿಳಿದ ಮೇಲಂತೂ ಕೇಳಬೇಡಿ. ಆಂಟಿ ದೇವರ ಮನೆಯಲ್ಲಿಟ್ಟಿದ್ದ ರಾಳ ಮಾಯವಾಯಿತು. ಅಂಕಲ್ ತಾರಸಿಯ ಒಗೆಯುವ ಕಲ್ಲಿಗೆ ನೈಲಾನ್ ಹಗ್ಗ ಬಿಗಿದು, ಅದರ ಮೇಲೆ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂತು, ಒಂದು ಕೈ ಮೇಲೆತ್ತಿ ಅಭ್ಯಾಸ ಮಾಡುತ್ತಿದ್ದರು. ಅಭ್ಯಾಸ ಮುಗಿದ ಮೇಲೆ ಅದೇ ಹಗ್ಗವನ್ನು ಬಟ್ಟೆ ಒಣಗಿಸಲು ವಾಪಸ್ಸು ಕಟ್ಟುತ್ತಿದ್ದರು. ನನ್ನ ಹೊಸ ದುಪಟ್ಟಾಕ್ಕೆ ಹತ್ತಿದ ಆ ಅಂಟು ಯಾವ ಸೋಪಿಗೂ ಹೋಗಲಿಲ್ಲ.

ಜೆಪಿ ನಗರದ ಮಾಲೊಂದರಲ್ಲಿ ಮಕ್ಕಳು ಆಡುವ ಜಾಗದಲ್ಲಿ ಮೆಷಿನ್ ಗೂಳಿ ಇದೆಯೆಂದು ಅವರಿಗೆ ಯಾರು ಹೇಳಿದರೋ! ಒಂದೇ ಒಂದು ಸಲ ಅದರ ಮೇಲೆ ಎಂಟು ಸೆಕೆಂಡು ಕೂರಬೇಕು ಎಂದು ಹಟ ಹಿಡಿದರು. ಆಂಟಿ ಸುತರಾಂ ಒಪ್ಪಲಿಲ್ಲ.

"ಬೆನ್ನಿಗೆ ಬೆಲ್ಟ್ ಹಾಕ್ಕೊಂಡು ಓಡಾಡೋರಿಗೆ ಗೂಳಿ ಬೇಕಂತೆ ಗೂಳಿ!"

ಆಮೇಲೆ ಅವರು ನನ್ನ ಪ್ರಾಣ ತಿನ್ನತೊಡಗಿದರು. ಮೆಟ್ಟಿಲು ಹತ್ತಿದರೆ ಗೂಳಿ, ಇಳಿದರೆ ಗೂಳಿ. ಮಾಲಿನವರು ವಯಸ್ಸು ನೋಡಿ ಹೇಗೂ ಬೇಡವೆನ್ನುತ್ತಾರೆ, ಅಲ್ಲಿಗೆ ಈ ಕಾಟ ಮುಗಿಯುತ್ತದೆ ಎಂದುಕೊಂಡು ಒಂದು ಭಾನುವಾರ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಆಂಟಿಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇವೆಂದು ಅವರೇ ಹೇಳಿದ್ದರು.

ಮೆಷಿನ್ ನಡೆಸುವವನು ಬೇಡವೆಂದೇ ಅಂದ. ಅಂಕಲ್ ಬಿಟ್ಟಾರೆಯೇ? ಮೆಕ್ಸಿಕೋದ ದನಗಳಿಂದ ಪಾಠ ಶುರು ಮಾಡಿದರು. ಹಿಂದೆ ಮಕ್ಕಳ ಸಾಲು ಬೆಳೆಯಿತು, ನನಗೆ ತಲೆ ಎತ್ತಲಾಗಲಿಲ್ಲ. ಕೊನೆಗೆ ಅವನೇ ಸೋತು, ತೀರಾ ನಿಧಾನಕ್ಕೆ ಬಿಡುತ್ತೇನೆ ಎಂದು ಹತ್ತಿಸಿದ. ಅಂಕಲ್ ಜೇಬಿನಿಂದ ಕೈಗವಸು ತೆಗೆದು ಹಾಕಿಕೊಂಡರು. ಅಲ್ಲೆಲ್ಲ ರಾಳದ ವಾಸನೆ. ಗೂಳಿ ತೊಟ್ಟಿಲಿನಷ್ಟು ಮೆತ್ತಗೆ ತೂಗಿತು. ಅವರ ಎಡಗೈ ಮೇಲಿತ್ತು. ಆ ಮುಖ ಹೇಗಿತ್ತೆಂದರೆ... ಅಷ್ಟು ಸಂತೋಷವನ್ನು ನಾನು ದೊಡ್ಡವರ ಮುಖದಲ್ಲಿ ನೋಡಿರಲಿಲ್ಲ. ಮಕ್ಕಳೆಲ್ಲ ಸೇರಿ ಎಂಟರವರೆಗೆ ಎಣಿಸಿ ಚಪ್ಪಾಳೆ ಹೊಡೆದರು.

"ಸೂಪರ್ ಸಾರ್! ಎಂಟು ಸೆಕೆಂಡ್ ಆಯ್ತು," ಎಂದ ಮೆಷಿನ್‌ನವನು.

"ಇಲ್ಲಪ್ಪಾ," ಎಂದರು ಅಂಕಲ್. "ಕನ್ನಡಕ ಜಾರ್‌ತಿತ್ತು, ಕೈ ತಾಗ್‌ಬಿಡ್ತು. ಲೆಕ್ಕಕ್ಕಿಲ್ಲ."

ಯಾರಿಗೆ ಬೇಕಿತ್ತು ಆ ಲೆಕ್ಕ! ನೋಡಿದವರು ಯಾರು, ಕೇಳುವವರು ಯಾರು! ಇನ್ನೊಮ್ಮೆ ಬಿಡು ಎಂದು ಅವನಿಗೆ ಗಂಟುಬಿದ್ದರು. ಮುಂದಿನ ವಾರ ಬನ್ನಿ ಸಾರ್ ಎಂದು ಅವನು ಕೈ ಮುಗಿದ. ನಾನು ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೇ ಮನೆಗೆ ಬಂದೆ. ಅವರು ಹಿಂದೆ ಕೂತು, ಮುಂದಿನ ವಾರ ಬೆಳಿಗ್ಗೆಯೇ ಹೋದರೆ ಸಾಲಿರುವುದಿಲ್ಲ ಎಂದು ಲೆಕ್ಕ ಹಾಕುತ್ತಿದ್ದರು.

ಆ ವಾರದಲ್ಲೇ ಜ್ವರ ಬಂತು. ಡೆಂಗ್ಯೂ ಎಂದರು. ಆಸ್ಪತ್ರೆಗೆ ಹೋದವರು ಮತ್ತೆ ಬರಲಿಲ್ಲ...

ಮೊನ್ನೆ ಅಂಗಡಿಯಿಂದ ಹೊರಟವಳು ಸೀದಾ ಹನುಮಂತನಗರಕ್ಕೆ ಹೋದೆ. ಆಂಟಿ ಈಗ ಅಲ್ಲಿ ತಂಗಿಯ ಜೊತೆ ಇದ್ದಾರೆ. ಕಾಫಿ ಕೊಟ್ಟು, ಅದೂ ಇದೂ ಮಾತಾಡಿ, ಇದ್ದಕ್ಕಿದ್ದಂತೆ ಕೇಳಿದರು.

"ಅವತ್ತು ನೀವಿಬ್ರೂ ಹೋಗಿದ್ದು ಎಲ್ಲಿಗೆ ಅಂತ ನಂಗೊತ್ತಮ್ಮಾ. ಕಣ್ಣಿನ ಡಾಕ್ಟ್ರ ಹತ್ರ ಯಾರು ರಾಳ ತಗೊಂಡ್ ಹೋಗ್ತಾರೆ? ಆಯ್ತಾ ಅವರ ಎಂಟು ಸೆಕೆಂಡು?"

ಆಯ್ತು ಎನ್ನಲು ಬಾಯಿ ತೆರೆದೆ. ಹೇಳಿದ್ದರೆ ಆಂಟಿಗೆ ಎಷ್ಟು ಸಮಾಧಾನವಾಗುತ್ತಿತ್ತು! ಆದರೆ ಟಿಕೆಟ್ ಇಲ್ಲದೆ ಕೂತವರನ್ನು ಜೀವನವಿಡೀ ಇಳಿಸಿದ ಮನುಷ್ಯ ಅವರು. ಅವರ ಹೆಸರಿನಲ್ಲಿ ಸುಳ್ಳು ಲೆಕ್ಕ ಹೇಳಲು ನನಗೆ ಆಗಲಿಲ್ಲ.

"ಇಲ್ಲ ಆಂಟಿ. ಕೈ ತಾಗ್‌ಬಿಡ್ತು."

"ಕನ್ನಡಕಕ್ಕಾ?"

"ಹೂಂ."

"ಲೂಸಾಗಿದೆ, ಟೈಟ್ ಮಾಡಿಸ್ಕೊಂಡ್ ಬನ್ನಿ ಅಂತ ಎಷ್ಟು ಬಡ್ಕೊಂಡೆ! ಒಂದ್ ದಿನಾನಾದ್ರೂ ಕೇಳಿದ್ರಾ ನನ್ನ ಮಾತು?" ಎಂದು ಆಂಟಿ ಗೋಡೆಯ ಮೇಲಿನ ಫೋಟೋಗೆ ಬೈದು, ಸೆರಗಿನಿಂದ ಕಣ್ಣೊರೆಸಿಕೊಂಡರು.

ನನಗೂ ಅಂಕಲ್ ಮೇಲೆ ಸಿಟ್ಟೇ ಬಂತು. ಇನ್ನೊಂದು ವಾರ ಇರಬಾರದಿತ್ತೇ?