ಸಾಲಕ್ಕೆ ಮಾನ ಒತ್ತೆಯಿಲ್ಲ ಎನ್ನುವ ಹಾಲಿನ ದಾಕ್ಷಾಯಣಿ

ವಿಶಾಖಪಟ್ಟಣದ ಕೂರ್ಮನ್ನಪಾಲೆಂನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಲಿನ ಕ್ರೇಟು ಕಟ್ಟಿದ ಮೊಪೆಡ್ ಓಣಿಗೆ ತಿರುಗುತ್ತಿದ್ದಂತೆ ದಾಕ್ಷಾಯಣಿ ಗಕ್ಕನೆ ಬ್ರೇಕು ಹಿಡಿಯುತ್ತಾರೆ. ನರ್ಸ್ ಗಂಗಾಭವಾನಿಯ ಮನೆಯೆದುರು ಸಾಲ ವಸೂಲಿಯ ಆಳುಗಳಿಬ್ಬರು ನಿಂತು, ಅಕ್ಕಪಕ್ಕದವರಿಗೆಲ್ಲ ಕೇಳಿಸುವಂತೆ ಕೂಗಾಡುತ್ತಿದ್ದಾರೆ. ಬ್ಯಾಂಕಿನಲ್ಲಿ ಸಾಲ ತೆಗೆದವನು ಆಕೆಯ ತಮ್ಮ. ಅವನು ಊರಲ್ಲಿಲ್ಲ, ಬೈಗುಳ ಅಕ್ಕನಿಗೆ.

ದಾಕ್ಷಾಯಣಿ ಮೊಪೆಡ್ಡನ್ನು ಅವರ ಬೈಕಿಗೆ ಅಡ್ಡವಾಗಿಯೇ ನಿಲ್ಲಿಸುತ್ತಾರೆ. "ಟೈಮೆಷ್ಟು ಬಾಬೂ? ಎಂಟಾಗಿದೆಯಾ?" ಎಂದು ತೆಲುಗಿನಲ್ಲಿ ಕೇಳುತ್ತಾರೆ. "ಎಂಟಕ್ಕೆ ಮುಂಚೆ ಬಾಗಿಲು ಬಡಿಯೋ ಹಾಗಿಲ್ಲ. ಈಯಮ್ಮ ಜಾಮೀನು ಹಾಕಿಲ್ಲ, ಇವರನ್ನ ಕೇಳೋ ಹಾಗೂ ಇಲ್ಲ. ಬ್ಯಾಂಕು ಕೊಟ್ಟ ಗುರುತಿನ ಕಾರ್ಡು ಇದ್ದರೆ ತೋರಿಸಿ, ನೋಡೋಣ."

ಒಬ್ಬ ಗುರಾಯಿಸುತ್ತಾನೆ. ಇನ್ನೊಬ್ಬ ಬೈಕಿನ ಕಿಕ್ ಒದೆಯುತ್ತಾನೆ. ಅವರು ಓಣಿ ದಾಟಿದ ಮೇಲೆ ಗಂಗಾಭವಾನಿ ಬಾಗಿಲು ತೆರೆಯುತ್ತಾಳೆ. ದಾಕ್ಷಾಯಣಿ ಎರಡು ಪ್ಯಾಕೆಟ್ ಹಾಲು ಅವಳ ಕೈಗಿಟ್ಟು, "ಮೊದಲು ಕಾಫಿ ಕುಡಿ ತಾಯಿ. ಸಂಜೆ ಕೂತು ಬ್ಯಾಂಕಿಗೊಂದು ದೂರು ಬರೆಯೋಣ" ಎಂದು ಮುಂದಿನ ಮನೆಗೆ ಹೊರಡುತ್ತಾರೆ.

ದಾಕ್ಷಾಯಣಿ ಹಿರಿಯೂರಿನವರು. ಗಂಡ ಅಶ್ವತ್ಥನಿಗೆ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಸಿಕ್ಕಿದಾಗ ಜೊತೆಗೆ ಬಂದವರು, ಇಲ್ಲೇ ಬೇರು ಬಿಟ್ಟರು. ಗುತ್ತಿಗೆ ಮುಗಿದ ಮೇಲೆ ಅಶ್ವತ್ಥ ಬ್ಯಾಂಕಿನಲ್ಲಿ ಸಾಲ ಮಾಡಿ ಲಗೇಜ್ ಆಟೋ ಕೊಂಡು, ಅನಕಾಪಲ್ಲಿಯ ಮಂಡಿಯಿಂದ ಬೆಲ್ಲ ಸಾಗಿಸತೊಡಗಿದರು. ಕಂತು ತಪ್ಪಿರಲಿಲ್ಲ. ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ ಗಾಡಿ ಪಲ್ಟಿಯಾಗಿ ಕಾಲು ಮುರಿಯಿತು. ಆಟೋ ನಿಂತಿತು, ಕಂತೂ ನಿಂತಿತು.

ಮೊದಲು ಫೋನು ಬಂತು, ಆಮೇಲೆ ಆಳುಗಳು ಬಂದರು. "ಹೆಂಡ್ತಿ ಸೀರೆ ಮಾರಿ ಕಟ್ಟೋ ಅಂತ ಬೀದೀಲಿ ನಿಂತು ಕೂಗೋರು ಕಣ್ರೀ. ನಮ್ಮ ಮನೆಯವರು ಕಿಟಕಿ ಹಾಕ್ಕೊಂಡು, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ರು. ಊಟಕ್ಕೂ ಏಳ್ತಿರ್ಲಿಲ್ಲ" ಎಂದು ದಾಕ್ಷಾಯಣಿ ನೆನೆಯುತ್ತಾರೆ. ಅಷ್ಟಕ್ಕೇ ಬಿಡದೆ ಆ ಆಳುಗಳು ಹಾಲು ಕೊಳ್ಳುವ ಮನೆಗಳಿಗೂ ಹೋಗಿ, ಇವಳು ಮೋಸಗಾತಿ, ಮುಂಗಡ ಕೊಡಬೇಡಿ ಎಂದು ಹೇಳಿಬಂದರು. ಕೆಲವರು ಹಾಲು ನಿಲ್ಲಿಸಿಯೂ ಬಿಟ್ಟರು.

ನಿಲ್ಲಿಸದವರಲ್ಲಿ ಕಾರ್ಖಾನೆಯ ಟೌನ್‌ಶಿಪ್ಪಿನ ಮೃಣಾಲಿನಿ ಒಬ್ಬರು. ಧಾರವಾಡದವರು, ಗ್ರಾಹಕರ ಸಂಘವೊಂದರಲ್ಲಿ ದುಡಿಯುವವರು. ಹಾಲಿಟ್ಟು ತಲೆ ತಗ್ಗಿಸಿ ಹೊರಟಿದ್ದ ದಾಕ್ಷಾಯಣಿಯನ್ನು ಅವರು ಒಳಗೆ ಕರೆದು ಕೂರಿಸಿದರು. "ನೀವು ಸಾಲಾ ಮಾಡೀರಿ, ಕಳವು ಮಾಡಿಲ್ಲ. ಹೆದರೂದು ಯಾಕ?" ಎಂದು ಕೇಳಿ, ವಸೂಲಿಯವರು ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಒಂದೊಂದಾಗಿ ಬಿಡಿಸಿ ಹೇಳಿದರು. ಅವರು ಹೊತ್ತಲ್ಲದ ಹೊತ್ತಿನಲ್ಲಿ ಬರುವಂತಿಲ್ಲ, ಬೈಯುವಂತಿಲ್ಲ, ಸಾಲದ ಸುದ್ದಿಯನ್ನು ನೆರೆಹೊರೆಗೆ ಸಾರುವಂತಿಲ್ಲ. ಬೆದರಿಸಿದರೆ ಪೊಲೀಸರಿದ್ದಾರೆ. ಬ್ಯಾಂಕು ದೂರು ಕೇಳದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಒಂಬುಡ್ಸ್‌ಮನ್ ಇದ್ದಾರೆ, ಗ್ರಾಹಕರ ವೇದಿಕೆಯೂ ಇದೆ.

ಮರುದಿನ ಮಸುಕಿನಲ್ಲೇ ಬೈಕಿನ ಸದ್ದಾಯಿತು. ದಾಕ್ಷಾಯಣಿ ಬಾಗಿಲನ್ನು ಪೂರ್ತಿ ತೆರೆದರು. ಗಂಡನನ್ನು ಎಬ್ಬಿಸಿ, ಹೆಗಲು ಕೊಟ್ಟು ಕರೆತಂದು ಜಗುಲಿಯ ಮೇಲೆ ಕೂರಿಸಿದರು. "ಕೂಗಪ್ಪಾ, ಇನ್ನೂ ಜೋರಾಗಿ ಕೂಗು. ಇವತ್ತು ಬೀದಿಯೋರೆಲ್ಲ ನನ್ನ ಕಡೆ ಸಾಕ್ಷಿ" ಎಂದರು. ಪಕ್ಕದ ಮನೆಯವರಿಗೆ ಹಿಂದಿನ ಸಂಜೆಯೇ ಹೇಳಿಟ್ಟಿದ್ದರು. ಅವರೂ ಬಾಗಿಲಿಗೆ ಬಂದು ನಿಂತರು. ಬಂದವನು ಬೈಕು ತಿರುಗಿಸಿಕೊಂಡು ಹೊರಟ. 

ಬ್ಯಾಂಕಿಗೆ ದೂರು ಬರೆದುಕೊಟ್ಟಾಗ ಮೊದಲು, ಅವರು ಏಜೆನ್ಸಿಯವರು, ನಮಗೆ ಸಂಬಂಧವಿಲ್ಲ ಎಂಬ ಉತ್ತರ ಸಿಕ್ಕಿತು. ಮೃಣಾಲಿನಿ ಬಿಡಲಿಲ್ಲ. ಕಳಿಸಿದವರು ನೀವು, ಅವರ ನಡತೆಗೆ ನೀವೇ ಹೊಣೆ ಎಂದು ಮತ್ತೆ ಬರೆಸಿದರು. ಕೊನೆಗೆ ಆ ಆಳುಗಳು ಬರುವುದು ನಿಂತಿತು. ಕಂತನ್ನು ಚಿಕ್ಕದು ಮಾಡಿ, ಅವಧಿ ಬೆಳೆಸಿಕೊಟ್ಟರು. ಅಶ್ವತ್ಥ ಕೋಲು ಬಿಟ್ಟು ಮತ್ತೆ ಗಾಡಿ ಹತ್ತಿದರು. ಈ ಸಂಕ್ರಾಂತಿಗೆ ಸಾಲ ಪೂರ್ತಿ ತೀರಿತು.

ತೀರಿಸಿದ್ದನ್ನು ದಾಕ್ಷಾಯಣಿ ಒತ್ತಿ ಹೇಳುತ್ತಾರೆ. "ಸಾಲ ಕೊಟ್ಟೋರು ದುಡ್ಡು ಕೇಳ್ಲಿ, ನ್ಯಾಯ. ನಾವು ಒತ್ತೆ ಇಟ್ಟಿದ್ದು ಆಟೋನ, ಮಾನಾನ ಅಲ್ಲ." ಸಹಾಯ ಕೇಳಿ ಬಂದವರಿಗೂ ಅವರದು ಮೊದಲು ಒಂದೇ ಪ್ರಶ್ನೆ: ತಿಂಗಳಿಗೆ ಎಷ್ಟು ಕಟ್ಟೋಕಾಗತ್ತೆ, ನಿಜ ಹೇಳಿ. ಕಟ್ಟುವ ಮನಸ್ಸೇ ಇಲ್ಲದವರಿಗೆ ಹಾಲು ಮಾತ್ರ ಕೊಡುತ್ತಾರಂತೆ.

ಅವರ ಹೆಸರು ಓಣಿಯಿಂದ ಓಣಿಗೆ ಹರಡಿದೆ. ಕಳೆದ ತಿಂಗಳು ವಿಜಯವಾಡದ ಭವಾನಿಪುರಂನ ಮಹಿಳಾ ಸಂಘದವರು ಕರೆಸಿಕೊಂಡಿದ್ದರು. ಮೈಕು ಕೊಟ್ಟರೆ ಬೇಡವೆಂದು, ಚಾಪೆಯ ಮೇಲೆ ಎಲ್ಲರ ನಡುವೆ ಕೂತು ತಮ್ಮ ಮುರುಕು ತೆಲುಗಿನಲ್ಲೇ ಮಾತಾಡಿ ಬಂದರು. "ಒಬ್ಬಾಕೆ ನನ್ನ ಕೈ ಹಿಡ್ಕೊಂಡು ಅತ್ತೇಬಿಟ್ಲು. ಇಷ್ಟು ದಿನ ನನಗೊಬ್ಬಳಿಗೇ ಹೀಗೆ ಅಂದ್ಕೊಂಡಿದ್ದೆ ಅಕ್ಕಾ ಅಂದ್ಲು."

ಗಂಗಾಭವಾನಿಯ ದೂರಿಗೆ ವಾರದೊಳಗೆ ಬ್ಯಾಂಕಿನಿಂದ ಕ್ಷಮೆ ಕೇಳಿ ಉತ್ತರ ಬಂದಿದೆ. ತಮ್ಮನೂ ಊರಿಗೆ ಬಂದು, ತಾನೇ ಹೋಗಿ ಮ್ಯಾನೇಜರನ್ನು ಕಂಡಿದ್ದಾನೆ.

ಮುಂದೇನು ಆಸೆ ಎಂದರೆ ದಾಕ್ಷಾಯಣಿ ಹಿಂಜರಿಯುತ್ತಲೇ ಹೇಳುತ್ತಾರೆ. ಒಂದು ದೊಡ್ಡ ಫ್ರಿಜ್ ಬೇಕು, ಹಾಲಿನ ಜೊತೆ ಮೊಸರನ್ನೂ ಮಾರಬೇಕು. ಅದಕ್ಕೆ ಸಾಲ ಮಾಡುತ್ತಾರಂತೆ, ಅದೂ ಅದೇ ಬ್ಯಾಂಕಿನಲ್ಲಿ.

ಹೆದರಿಕೆ ಆಗುವುದಿಲ್ಲವೇ?

"ಯಾಕಾಗ್ಬೇಕು? ಎಲ್ಲಾನೂ ಓದಿಸಿ, ಅರ್ಥ ಮಾಡ್ಕೊಂಡು ರುಜು ಹಾಕ್ತೀನಿ. ಈ ಸಲ ಮ್ಯಾನೇಜರ ಎದುರು ಕುರ್ಚಿ ಎಳ್ಕೊಂಡು ಕೂತೇ ಕೇಳ್ತೀನಿ. ನಿಂತ್ಕೊಂಡು ಕೇಳಿದ್ದು ಸಾಕು."