ಪೆಟ್ಟಾಗದ ಭುಜ

ಸಾಗರದ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದುಕೊಂಡು ದಿನವೂ ಹೊಸನಗರದ ಹೈಸ್ಕೂಲಿಗೆ ಪಾಠ ಮಾಡಲು ಹೋಗಿಬರುತ್ತಿದ್ದ ನನಗೆ ಆ ಬಸ್ಸಿನ ಮುಖಗಳೆಲ್ಲ ಹೆಚ್ಚುಕಡಿಮೆ ಪರಿಚಿತ. ಅವತ್ತು ಪಕ್ಕದಲ್ಲಿ ಕೂತಾಕೆ ಮಾತ್ರ ಹೊಸಬಳು. ನಿಟ್ಟೂರಿನವಳಂತೆ. ತಂಗಿಯ ಬಾಣಂತನ ಮುಗಿಸಿ ಊರಿಗೆ ಹೊರಟಿದ್ದಳು. ನಾನು ಟೀಚರ್ ಎಂದು ತಿಳಿದ ಮೇಲೆ ಸಲುಗೆ ಬಂತು.

"ಕೂಸಿನ ಅಳುವಿಗೆ ಸರಿ ನಿದ್ದೆನೇ ಆಗ್ಲಿಲ್ಲ ಟೀಚರ್ರೇ. ನಿಮ್ಮ ಹೆಗಲಿಗೆ ಸ್ವಲ್ಪ ಒರಗ್ಲಾ?"

"ಒರಗಿ. ಹೊಸನಗರ ಬಂದಾಗ ಎಬ್ಬಿಸ್ತೀನಿ" ಎಂದೆ.

ತಿರುವಿನಲ್ಲಿ ಎದುರಿನಿಂದ ಲಾರಿ ಬಂತು. ನಮ್ಮ ಬಸ್ಸು ರಸ್ತೆ ಬಿಟ್ಟು ಪಕ್ಕದ ಎತ್ತರದ ಮಣ್ಣಿನ ಧರೆಗೆ ಗುದ್ದಿ ಮಗುಚಿತು. ಎಲ್ಲ ನಿಂತ ಮೇಲೂ ಆಕೆಯ ತಲೆ ನನ್ನ ಎಡಭುಜದ ಮೇಲೇ ಇತ್ತು. ಎಬ್ಬಿಸಿದೆ. ಮತ್ತೆ ಎಬ್ಬಿಸಿದೆ. ಏಳಲಿಲ್ಲ. ಆಮೇಲೆ ಯಾರೋ ನನ್ನನ್ನು ಕಿಟಕಿಯಿಂದ ಹೊರಗೆಳೆದುಕೊಂಡರು.

ಹಣೆ ತರಚಿದ್ದು ಬಿಟ್ಟರೆ ನನಗೆ ಏನೂ ಆಗಿರಲಿಲ್ಲ. ನೋಡಲು ಬಂದವರೆಲ್ಲ ಅದನ್ನೇ ಹೇಳಿದರು. "ಬಚಾವಾದೆ ಮಾರಾಯ್ತಿ, ಯಾವ ದೇವರ ಪುಣ್ಯವೋ." ನಾನೂ ಹೂಂ ಎನ್ನುತ್ತಿದ್ದೆ. ಅವರು ಎದ್ದು ಹೋದ ಮೇಲೆ ಬಾಗಿಲು ಹಾಕಿಕೊಂಡು, ಏನೂ ಆಗದ ನನಗೆ ಕೈಕಾಲು ಯಾಕೆ ಹೀಗೆ ತಣ್ಣಗಾಗುತ್ತವೆ ಎಂದು ಕೂತಿರುತ್ತಿದ್ದೆ.

ಮೊದಲು ನೋವು ಬಂದಿದ್ದು ಜಡೆ ಹಾಕಿಕೊಳ್ಳುವಾಗ. ಎಡಗೈ ಕಿವಿಯ ಮಟ್ಟಕ್ಕಿಂತ ಮೇಲೆ ಹೋಗಲಿಲ್ಲ. ಬಟ್ಟೆ ಹಿಂಡಲು, ಕುಕ್ಕರ್ ಇಳಿಸಲು ಆಗುತ್ತಿರಲಿಲ್ಲ. ಕೂದಲು ಕತ್ತರಿಸಿಕೊಂಡೆ. ಸ್ಕೂಲಿನಲ್ಲಿ ಅದನ್ನು ಫ್ಯಾಷನ್ ಎಂದುಕೊಂಡು ಚೆನ್ನಾಗಿದೆ ಎಂದರು. ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಿಪಿ ಏರಿತು. ಎಕ್ಸ್‌ರೇ ಆಯಿತು, ರಕ್ತಪರೀಕ್ಷೆ ಆಯಿತು, ಮೂಳೆ ಡಾಕ್ಟರೂ ಆಯಿತು. "ಎಲ್ಲಾ ನಾರ್ಮಲ್ ಇದೆಯಮ್ಮ" ಎಂದು ಅವರು ಸಮಾಧಾನವಾಗಿಯೇ ಹೇಳುತ್ತಿದ್ದರು. ನಾನು ಮಾತ್ರ ಕಳ್ಳಿಯ ಹಾಗೆ ತಲೆ ತಗ್ಗಿಸಿ ಹೊರಬರುತ್ತಿದ್ದೆ. ಅದೇ ಬಸ್ಸಿನಲ್ಲಿ ಕಾಲು ಮುರಿದುಕೊಂಡವರ ಮನೆಗೆ ಜನ ಹಣ್ಣು ಹಿಡಿದು ಹೋಗುತ್ತಿದ್ದರು. ನನಗೆ ತೋರಿಸಲು ಒಂದು ಬ್ಯಾಂಡೇಜೂ ಇರಲಿಲ್ಲ.

ಬಸ್ ಹತ್ತುವುದು ನಿಂತಿತು. ಸ್ವಲ್ಪ ಕಾಲ ಸಹೋದ್ಯೋಗಿಯೊಬ್ಬರ ಸ್ಕೂಟರ್ ಹಿಂದೆ ಕೂತು ಹೋದೆ, ಆಮೇಲೆ ರಜೆ ಹಾಕಿದೆ. ತೀರ್ಥಹಳ್ಳಿಯಲ್ಲಿ ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ಜ್ವರ ಎಂದು ಸುಳ್ಳು ಹೇಳಿ ಹೋಗಲಿಲ್ಲ. ಅಕ್ಕನ ಫೋನ್ ಕಮ್ಮಿಯಾಯಿತು. ದಿನಗಟ್ಟಲೆ ನಾನು ಮಾತಾಡುತ್ತಿದ್ದುದು ಹಾಲಿನವನ ಜೊತೆ ಮಾತ್ರ, ಅದೂ "ಸಾಕು" ಎಂಬ ಒಂದು ಮಾತು.

ಒಂದು ಮಧ್ಯಾಹ್ನ ಅಕ್ಕ ಹೇಳದೇ ಕೇಳದೇ ಬಂದಳು. ಸಿಟ್ಟಿನಲ್ಲೇ ಬಂದಿದ್ದಳು ಎನಿಸುತ್ತದೆ. ಮಂಚದ ಮೇಲೆ ನನ್ನ ಎಡಕ್ಕೆ ಕೂತಳು. ನಾನು ತಕ್ಷಣ ಎದ್ದು ಆಚೆ ಬದಿಗೆ ಹೋದೆ.

"ನನ್ನ ಪಕ್ಕ ಕೂರೋಕೂ ಆಗಲ್ವೇನೆ ನಿಂಗೆ?"

"ಆ ಬದಿಗೆ ಯಾರೂ ಕೂರಬಾರದು ಅಕ್ಕಾ" ಎಂದೆ. ಬಾಯಿಂದ ಅದು ಬಂದ ಮೇಲೆ ಉಳಿದದ್ದೂ ಬಂತು. ಆ ತಲೆಯ ಭಾರ, ಅವಳ ಹಣೆಯ ಬಿಸಿ, ನಾನು ಎಬ್ಬಿಸಿದ್ದು.

"ಡಾಕ್ಟರಿಗೆ ಇದನ್ನೆಲ್ಲಾ ಹೇಳಿದ್ಯಾ?"

"ಎಲ್ಲಿ ನೋಯುತ್ತೆ ಅಂತ ಕೇಳಿದ್ರು. ಅದನ್ನ ಹೇಳಿದ್ದೆ."

ಅವಳು ಬಾಡಿಗೆ ಕಾರು ಮಾಡಿ ನನ್ನನ್ನು ತೀರ್ಥಹಳ್ಳಿಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಡ್ರೈವರಿಗೆ "ನಿಧಾನ ಹೋಗಿ" ಎನ್ನುತ್ತಲೇ ಇದ್ದಳು. ಅಲ್ಲಿನ ಮನೋವೈದ್ಯೆ ನನ್ನ ಕತೆ ಪೂರ್ತಿ ಕೇಳಿದರು. "ನಿಮ್ಮ ನೋವು ಸುಳ್ಳಲ್ಲ. ಮೈ ಹೆದರಿ ಬಿಗಿ ಹಿಡಿದುಕೊಂಡಿದೆ. ಅಪಘಾತ ಮುಗಿದಿದೆ ಅಂತ ಅದಕ್ಕೆ ಇನ್ನೂ ಗೊತ್ತಾಗಿಲ್ಲ" ಎಂದರು. ನಾನು ಅಲ್ಲೇ ಅತ್ತೆ. ಗುಳಿಗೆ ಕೊಟ್ಟರು, ಭುಜಕ್ಕೆ ವ್ಯಾಯಾಮ ಹೇಳಿದರು, ಆ ದಿನದ ಸಂಗತಿಯನ್ನು ವಾರವಾರವೂ ಹೇಳಿಸಿದರು. ಶುರುವಿನಲ್ಲಿ ಹೇಳಿ ಹೊರಗೆ ಬಂದರೆ ವಾಂತಿಯಾಗುತ್ತಿತ್ತು. ಅಕ್ಕನ ಮನೆಯಲ್ಲೇ ಉಳಿದೆ. ನಿಧಾನಕ್ಕೆ ಊಟ ಸೇರಿತು, ಕೈ ಸ್ವಲ್ಪ ಮೇಲೆದ್ದಿತು.

ಒಂದು ದಿನ ಅಕ್ಕನೊಡನೆ ನಿಟ್ಟೂರಿಗೆ, ಬಸ್ಸಿನಲ್ಲಿ ತೀರಿಹೋದ ಆಕೆಯ ಮನೆ ಹುಡುಕಿಕೊಂಡು ಹೋದೆ. ಆಕೆಯ ಗಂಡ ಅಂಗಳದಲ್ಲಿ ಸಸಿ ನೆಡುವ ಪ್ಲಾಸ್ಟಿಕ್ ಕೊಟ್ಟೆಗಳಿಗೆ ಮಣ್ಣು ತುಂಬುತ್ತಿದ್ದರು. ನಾನು ಯಾರೆಂದು ಹೇಳಿದಾಗ ಕೈ ತೊಳೆಯಲೂ ಮರೆತು ಎದುರು ಕೂತರು.

"ಅವ್ಳು ಎಂತಾದ್ರೂ ಹೇಳಿದ್ಲಾ?"

"ಇಲ್ಲ. ನಿದ್ದೆಯಲ್ಲಿದ್ರು. ಎಚ್ಚರ ಆಗ್ಲೇ ಇಲ್ಲ."

ಅವರು ಬೆರಳಿನ ಮಣ್ಣು ಉಜ್ಜಿಕೊಂಡರು. "ಹಂಗಾರೆ ಹೆದರ್ಲಿಲ್ಲ" ಎಂದರು. ಆಮೇಲೆ ಒಳಗೆ ಹೋಗಿ ನಮಗೆ ಚಾ ಮಾಡಿಕೊಂಡು ಬಂದರು.

ಈಗ ಮತ್ತೆ ಸಾಗರದಲ್ಲಿದ್ದೇನೆ, ಸ್ಕೂಲಿಗೆ ಬಸ್ಸಿನಲ್ಲೇ ಹೋಗುತ್ತೇನೆ. ಪೂರ್ತಿ ವಾಸಿಯಾಗಿದೆ ಎನ್ನಲಾರೆ. ಕೆಲವು ದಿನ ಎದೆ ಬಿಗಿದು, ನಡುದಾರಿಯ ಬಟ್ಟೆಮಲ್ಲಪ್ಪದಲ್ಲಿ ಇಳಿದುಬಿಡುತ್ತೇನೆ. ಬಸ್ಸು ಹೋಗುತ್ತದೆ, ಅದರೊಳಗೆ ಜನ ಮಾತಾಡುತ್ತಲೇ ಇರುತ್ತಾರೆ. ನಾನು ಒಬ್ಬಳೇ ರಸ್ತೆಬದಿಯಲ್ಲಿ ನಿಂತು, ಉಸಿರು ಸರಿಯಾದ ಮೇಲೆ ಮುಂದಿನ ಬಸ್ಸಿಗೆ ಕೈ ಮಾಡುತ್ತೇನೆ.