ಮಲ್ಲಿಗೆ ಕಟ್ಟಿ ಬತ್ತಿಸಿದ ಹಾಲು

ಸೆಲ್ವಿ, ಮಗುವಿಗೆ ಹಾಲು ಕೊಡಬೇಡ ಎಂದು ಡಾಕ್ಟರು ಹೇಳಿರಲೇ ಇಲ್ಲ. ಸುಳ್ಳು ಹೇಳಿದವಳು ನಾನು — ನಿನ್ನ ಅತ್ತೆ.

ನೀನೆಂದರೆ ನನಗೆ ಆಗುತ್ತಿರಲಿಲ್ಲ. ಹಲಸೂರಿನಿಂದ ಮಗ ತಾನಾಗಿ ಕಟ್ಟಿಕೊಂಡು ಬಂದವಳು, ಕೆ.ಆರ್. ಪುರದ ನಮ್ಮ ಮನೆಯಲ್ಲಿ ನೀನು ನಕ್ಕರೂ ನನ್ನ ಮೈ ಉರಿಯುತ್ತಿತ್ತು. ಮೊದಲ ಹೆರಿಗೆಯಾದ ತಿಂಗಳಿಗೆ ನಿನ್ನ ತುಟಿಯಲ್ಲಿ ಗುಳ್ಳೆಗಳೆದ್ದಾಗ — ಹೇಳಲು ನಾಚಿಕೆ — ನನಗೆ ಖುಷಿಯಾಯಿತು.

ಶಿವಾಜಿನಗರದ ಕ್ಲಿನಿಕ್ಕಿನಲ್ಲಿ ನೀನು ಮಗುವಿನ ಬಟ್ಟೆ ಬದಲಿಸಲು ಹೊರಗೆ ಹೋಗಿದ್ದೆ. ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದರು: "ಇದು ಹರ್ಪಿಸ್ ಅಮ್ಮ. ಹಾಲಲ್ಲಿ ಹೋಗಲ್ಲ, ಗುಳ್ಳೆ ತಾಗಿದ್ರೆ ಅಂಟುತ್ತೆ. ಎದೆ ಮೇಲೆ ಒಂದೂ ಇಲ್ಲ, ಧಾರಾಳವಾಗಿ ಕುಡಿಸ್ಲಿ. ಕೈ ತೊಳ್ಕೊಂಡು, ಮಾಸ್ಕ್ ಹಾಕ್ಕೊಂಡು. ಒಣಗೋವರೆಗೂ ಮುತ್ತು ಬೇಡ. ಎದೆ ಮೇಲೆ ಎದ್ರೆ ಆ ಕಡೆ ನಿಲ್ಸಿ, ತಕ್ಷಣ ಬನ್ನಿ. ಅವಳಿಗೆ ಹೇಳ್ಬಿಡಿ."

ಆಟೋದಲ್ಲಿ ನಾನು ಹೇಳಿದ್ದು ಬೇರೆ. "ಡಾಕ್ಟ್ರು ಹಾಲು ಬೇಡ ಅಂದ್ರು. ಹಾಲು ಕುಡಿದ ಮಕ್ಕಳೇ ಬದುಕಲ್ಲ, ಇನ್ನು ವಿಷ ಕುಡಿದವು ಬದುಕ್ತಾವಾ?"

ಅಂದು ಸಂಜೆಯೇ ನಾಲ್ಕು ಮೊಳ ಮಲ್ಲಿಗೆ ತಂದು ನಿನ್ನ ಎದೆಗೆ ಒತ್ತಿ, ಹಳೆಯ ಸೀರೆ ಹರಿದು ಬಿಗಿದೆ. ಮಗು ಸತ್ತ ತಾಯಿಗೆ ಹಾಲು ಬತ್ತಲೆಂದು ಕಟ್ಟುವುದು ಅದು. ನಿನ್ನ ಮಗು ತೊಟ್ಟಿಲಲ್ಲಿ ಹಸಿದು ಅಳುತ್ತಿತ್ತು. ವಾರದಲ್ಲಿ ಹಾಲು ನಿಂತಿತು. ಬಾಟಲಿ ನನ್ನ ಕೈಗೆ ಬಂತು, ಮಗು ನನ್ನ ಮಡಿಲಿಗೆ. ಅದೇ ನನಗೆ ಬೇಕಿತ್ತು.

ಇನ್ನೊಂದಿದೆ. ಅದೇ ಗುಳ್ಳೆ ನನಗೂ ಮದುವೆಗೆ ಮುಂಚಿನಿಂದ ಬೇಸಿಗೆಗೊಮ್ಮೆ ಏಳುತ್ತದೆ. ಉಷ್ಣವೆಂದು ತುಪ್ಪ ಸವರಿಕೊಂಡು ನಿನ್ನ ಗಂಡನಿಗೆ ಎರಡು ವರ್ಷ ಹಾಲು ಕುಡಿಸಿದ್ದೇನೆ. 'ವಿಷ' ಎಂದಾಗ ಅದು ನನಗೆ ಮರೆತಿರಲಿಲ್ಲ.

ನಿನ್ನೆ ನಿಮ್ಮ ಕಮ್ಮನಹಳ್ಳಿಯ ಬಾಡಿಗೆ ಮನೆಗೆ ಎರಡನೆಯ ಕೂಸನ್ನು ನೋಡಲು ಬಂದೆ. ನಿನ್ನ ತುಟಿಯಲ್ಲಿ ಮತ್ತೆ ಗುಳ್ಳೆ. ಕೂಸನ್ನು ದೂರ ಮಲಗಿಸಿ, ರವಿಕೆಯೆಲ್ಲ ಒದ್ದೆಯಾಗಿ ನೀನು ಕುಳಿತಿದ್ದೆ. ನನ್ನನ್ನು ಕಂಡವಳೇ ಕೇಳಿದೆ:

"ಮಲ್ಲಿಗೆ ತಂದ್ರಾ ಅತ್ತೆ?"

ಆಗಲೇ ಹೇಳಬೇಕಿತ್ತು — ಎದ್ದು ಬಂದುಬಿಟ್ಟೆ. ನಿನಗೆ ಕನ್ನಡ ಓದಲು ಬರುವುದಿಲ್ಲ. ಇದನ್ನು ನನ್ನ ಮಗನೇ ನಿನಗೆ ಓದಿ ಹೇಳಲಿ, ಒಂದಕ್ಷರವೂ ಬಿಡದೆ. ಕೈ ತೊಳೆದುಕೊಂಡು ಕೂಸನ್ನು ಎತ್ತಿಕೋ, ಸೆಲ್ವಿ. ಡಾಕ್ಟರಮ್ಮನಿಗೆ ಈಗಲೇ ನೀನೇ ಫೋನ್ ಮಾಡಿ ಕೇಳು. ನನ್ನ ಮಾತು ನಂಬಬೇಡ.